ಪಕ್ಕದ ಪರದೆ

ಮನೆ,
೯ ಮಾರ್ಚ್, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗಳು ಪಿಟೀಲಿಗೆ,

ಈ ಅಡ್ಡಹೆಸರು ಕಂಡು ಮೂಗು ಮುರಿಯುತ್ತೀಯ, ಗೊತ್ತು. ಹುಟ್ಟಿದ ಮೇಲೆ ಮೂರು ತಿಂಗಳು ಒಂದೇ ಸ್ವರದಲ್ಲಿ ಅತ್ತವಳಿಗೆ ಬೇರೆ ಯಾವ ಹೆಸರಿಡಲಿ ಹೇಳು. ಹೇಗಿದ್ದೀಯ? ಎಡಗಿವಿಯ ನೋವು ಕಡಿಮೆಯಾಯಿತೇ? ಡಾಕ್ಟರು ಬರೆದುಕೊಟ್ಟ ಹನಿಗಳನ್ನು ಬಿಡದೆ ಹಾಕಿಕೊಳ್ಳುತ್ತಿದ್ದೀಯಾ, ಇಲ್ಲ ಬಾಟಲಿ ಕಪಾಟಿನಲ್ಲೇ ಒಣಗುತ್ತಿದೆಯೋ? ದೊಡ್ಡಮ್ಮನ ಮನೆಯಲ್ಲಿ ನಿದ್ದೆ ಬರುತ್ತಿದ್ದರೆ ಅದೇ ಒಂದು ಸೋಜಿಗ, ಅವಳ ಗೊರಕೆಗೆ ಗೋಡೆಯ ಸುಣ್ಣ ಉದುರುತ್ತದೆ ಎಂದು ನಮ್ಮ ಮದುವೆಯ ಹೊಸತರಲ್ಲೇ ನಾನು ಹೇಳಿ ಬೈಸಿಕೊಂಡಿದ್ದೆ. ನಿಮ್ಮಮ್ಮ ಚೆನ್ನಾಗಿದ್ದಾಳೆ. ಮಂಡಿ ನೋವು ಇದ್ದದ್ದೇ, ಮೆಟ್ಟಿಲಿಗೊಂದು ಬೈಗುಳ ಹಾಕಿ ಹತ್ತುತ್ತಾಳೆ. ಈಗ ಒಳಗೆ ಮಲಗಿದ್ದಾಳೆ, ಅವಳು ಏಳುವುದರೊಳಗೆ ಇದನ್ನು ಬರೆದು ಮುಗಿಸಬೇಕು. ನಾನೂ ಚೆನ್ನಾಗಿದ್ದೇನೆ ಎಂದು ಬರೆಯುವುದು ಪತ್ರದ ಪದ್ಧತಿ, ಅದನ್ನು ಇವತ್ತಿಗೆ ಬಿಟ್ಟುಬಿಡುತ್ತೇನೆ.

ಏಳು ತಿಂಗಳಾಯಿತು ನೀನು ನನ್ನೊಡನೆ ಮಾತಾಡಿ. ಭಾನುವಾರ ಬೆಳಿಗ್ಗೆ ಅಮ್ಮನಿಗೆ ಫೋನ್ ಮಾಡುತ್ತೀಯ, ಅವಳು ನಾಲ್ಕು ಮಾತಾಡಿ ನನ್ನ ಕಡೆಗೆ ಫೋನ್ ಚಾಚುತ್ತಾಳೆ, ನಾನು ಕಿವಿಗಿಟ್ಟುಕೊಳ್ಳುವಷ್ಟರಲ್ಲಿ ಆ ಕಡೆ ಏನೂ ಇರುವುದಿಲ್ಲ. ತಪ್ಪು ನಿನ್ನದಲ್ಲ. ಆದರೆ ಬರುವ ಗುರುವಾರ ನೀನು ವಿಚಾರಣಾ ಆಯೋಗದ ಮುಂದೆ ಪ್ರಮಾಣ ಮಾಡಿ ಸಾಕ್ಷಿ ಹೇಳಬೇಕಂತೆ. ನಿಮ್ಮ ವಿಮಾನವನ್ನು ಅಪಹರಿಸಿದ ಮೂವರಲ್ಲಿ ಮೈಕಿನಲ್ಲಿ ಮಾತಾಡಿದವನು ಏನು ಹೇಳಿದ, ಅವನಿಗೆ ಹಾಗೆ ಮಾತಾಡಲು ಯಾರು ಕಲಿಸಿದರು ಎಂದು ಅವರು ಕೇಳಿಯೇ ಕೇಳುತ್ತಾರೆ. ಮೂವರೂ ಸತ್ತಿದ್ದಾರೆ, ಕೇಳುವುದಕ್ಕೆ ಉಳಿದಿರುವವರು ನೀವೇ. ಹಿಂದೆ ಪೊಲೀಸರಿಗೆ ಕೊಟ್ಟ ಹೇಳಿಕೆಯಲ್ಲಿ ನೀನು ‘ಗಾಬರಿಯಲ್ಲಿದ್ದೆ, ಮಾತು ಸರಿಯಾಗಿ ನೆನಪಿಲ್ಲ’ ಎಂದಿದ್ದೆ. ಪೇಪರಿನಲ್ಲಿ ಓದಿದೆ. ಎರಡನೇ ಕ್ಲಾಸಿನ ಮೇಡಂ ಮೊದಲ ದಿನ ಯಾವ ಬಣ್ಣದ ಚಪ್ಪಲಿ ಹಾಕಿದ್ದರು ಎಂದು ಈಗಲೂ ಹೇಳಬಲ್ಲ ನಿನಗೆ ಆ ಮಾತು ನೆನಪಿಲ್ಲವಂತೆ. ನಿನಗೆ ನೆನಪಿದೆ. ಅದು ಯಾರ ಮಾತು ಎಂಬುದೂ ಗೊತ್ತಿದೆ. ಗುರುವಾರವೂ ನೆನಪಿಲ್ಲ ಎಂದುಬಿಡುತ್ತೀಯೋ ಎಂಬ ಭಯ ನನಗೆ, ನೆನಪಿದೆ ಎಂದುಬಿಡುತ್ತೀಯೋ ಎಂಬ ಭಯವೂ ನನಗೇ.

ಹಾಲಿನ ಲೋಟ ಮುಟ್ಟುವ ಮೊದಲೇ ನಿನಗೆ ‘ಹಾಲು ಕುಡಿದಿದ್ದಕ್ಕೆ ಧನ್ಯವಾದ ಮಗಳೇ’ ಅನ್ನುತ್ತಿದ್ದೆನಲ್ಲ, ‘ನಾನಿನ್ನೂ ಕುಡಿದೇ ಇಲ್ಲ’ ಎಂದು ನೀನು ರಂಪ ಮಾಡಿ, ಕೊನೆಗೆ ಕುಡಿದೇ ತೋರಿಸುತ್ತಿದ್ದೆ. ಅದು ಮನೆಯ ತಮಾಷೆಯಾಗುವ ಮೊದಲು ನನ್ನ ಕೆಲಸದ ಗುಟ್ಟಾಗಿತ್ತು. ಮೂವತ್ತೊಂದು ವರ್ಷ ರೈಲು ನಿಲ್ದಾಣದ ಗಾಜಿನ ಕೋಣೆಯಲ್ಲಿ ಕೂತು ಮೈಕಿನಲ್ಲಿ ಜನರಿಗೆ ದಾರಿ ಹೇಳಿದವನು ನಾನು. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಕೊನೆಯ ಗಳಿಗೆಯಲ್ಲಿ ಒಂದು ರೈಲಿನ ಪ್ಲಾಟ್‌ಫಾರಂ ಬದಲಾಗಿ ಸಾವಿರ ಜನ ಒಟ್ಟಿಗೆ ಮೇಲುಸೇತುವೆಯತ್ತ ನುಗ್ಗಿದರು. ಓಡಬೇಡಿ ಎಂದರೆ ಜನರಿಗೆ ಕೇಳುವುದು ಓಡು ಎಂಬ ಮಾತೊಂದೇ. ನನಗೆ ಅದೇನು ಹೊಳೆಯಿತೋ, ‘ನಿಧಾನವಾಗಿ ಸೇತುವೆ ಹತ್ತಿದ್ದಕ್ಕೆ ಎಲ್ಲರಿಗೂ ಧನ್ಯವಾದ’ ಎಂದುಬಿಟ್ಟೆ. ಒಬ್ಬರೂ ನಿಧಾನವಾಗಿ ಹತ್ತುತ್ತಿರಲಿಲ್ಲ. ಆದರೆ ಮುಂದಿದ್ದವರು ಒಮ್ಮೆ ತಲೆಯೆತ್ತಿ ಸ್ಪೀಕರ್ ನೋಡಿದರು, ನಾಚಿದವರಂತೆ ಹೆಜ್ಜೆ ಸಣ್ಣದು ಮಾಡಿದರು. ಮಾಡದ ಒಳ್ಳೆಯದಕ್ಕೆ ಮೊದಲೇ ವಂದನೆ ಹೇಳಿಬಿಟ್ಟರೆ ಮನುಷ್ಯ ಅದನ್ನು ಮಾಡಿ ತೀರಿಸುತ್ತಾನೆ. ಇದನ್ನು ಯಾವ ಪುಸ್ತಕದಲ್ಲೂ ಬರೆದಿಲ್ಲ, ನಾನು ಕಂಡುಕೊಂಡದ್ದು. ನನ್ನ ಬದುಕಿನಲ್ಲಿ ಹೆಮ್ಮೆಪಡುವುದಕ್ಕೆ ಇದ್ದದ್ದು ಇದೊಂದು ಮತ್ತು ನೀನು.

ನಿವೃತ್ತಿಗೆ ಮುಂಚೆ ರೈಲ್ವೆಯವರು ನನ್ನನ್ನು ಮೂರು ದಿನ ದಪ್ಪ ಬಟ್ಟೆ ಹೊದಿಸಿದ ಕೋಣೆಯಲ್ಲಿ ಕೂರಿಸಿ, ಒಂದರಿಂದ ತೊಂಬತ್ತೊಂಬತ್ತರವರೆಗೆ ಅಂಕಿ, ಊರುಗಳ ಹೆಸರು, ‘ತಡವಾಗಿ’, ‘ಸರಿಯಾದ ಸಮಯಕ್ಕೆ’ ಎಲ್ಲವನ್ನೂ ಬಿಡಿಬಿಡಿಯಾಗಿ ಹೇಳಿಸಿ ರೆಕಾರ್ಡ್ ಮಾಡಿಕೊಂಡರು. ಈಗ ಯಂತ್ರ ಅವನ್ನು ಜೋಡಿಸಿ ಹೇಳುತ್ತದೆ. ದನಿ ನನ್ನದೇ, ಆದರೆ ನಡುವೆ ಉಸಿರಿಲ್ಲ. ಅದನ್ನು ಕೇಳಿ ಸಿಟ್ಟು ಮಾಡಿಕೊಳ್ಳುವುದಕ್ಕೆಂದೇ ನಾನು ವಾರಕ್ಕೆರಡು ಸಲ ನಿಲ್ದಾಣದ ಬೆಂಚಿನಲ್ಲಿ ಹೋಗಿ ಕೂರುತ್ತಿದ್ದೆ, ‘ಗಾಯ ಕೆರೆದುಕೊಳ್ಳೋಕೆ ಹೊರಟ್ರು’ ಎಂದು ನಿಮ್ಮಮ್ಮ ಅಣಕಿಸುತ್ತಿದ್ದಳು. ಒಂದು ಸಂಜೆ ನನ್ನ ಪಕ್ಕದಲ್ಲಿ ಕೂತಿದ್ದವನು ಸ್ಪೀಕರಿನ ಕಡೆ ತಲೆಯೆತ್ತಿ, ತನಗೆ ತಾನೇ ಹೇಳಿಕೊಳ್ಳುವಂತೆ, ‘ಇದು ಹೊಲಿದ ದನಿ’ ಎಂದ. ಆರು ವರ್ಷದಲ್ಲಿ ಅದನ್ನು ಗಮನಿಸಿದ ಮೊದಲ ಮನುಷ್ಯ. ಆಮೇಲೆ ನನ್ನತ್ತ ತಿರುಗಿ, ‘ಈ ದನಿಯವರು ಇನ್ನೂ ಇದ್ದಾರಾ?’ ಎಂದು ಕೇಳಿದ. ‘ನಿಮ್ಮ ಪಕ್ಕದಲ್ಲೇ ಇದ್ದಾರೆ’ ಎಂದೆ. ಅವನು ಎದ್ದು ನಿಂತ. ನನಗಾಗಿ ಒಬ್ಬ ಮನುಷ್ಯ ಎದ್ದು ನಿಂತದ್ದು ಅದೇ ಮೊದಲು. ಅವನು ನನ್ನನ್ನು ಹುಡುಕಿಕೊಂಡೇ ಬಂದಿದ್ದನೋ, ಅಕಸ್ಮಾತ್ತಾಗಿ ಸಿಕ್ಕನೋ ನನಗೆ ಇವತ್ತಿಗೂ ಗೊತ್ತಿಲ್ಲ. ಹುಡುಕಿಕೊಂಡು ಬಂದಿದ್ದ ಎಂದು ಗೊತ್ತಾದರೂ ಆ ಸಂಜೆಯ ಖುಷಿ ಪೂರಾ ಹಾಳಾಗದೇನೋ, ಅಷ್ಟು ಹಾಳು ಮನುಷ್ಯ ನಾನು.

ಅವನಿಗೆ ಮೂವತ್ತೈದರ ಆಸುಪಾಸು. ಪ್ರವಾಸದ ಬಸ್ಸುಗಳ ಕಚೇರಿಯಲ್ಲಿ ಲೆಕ್ಕ ಬರೆಯುವವನು, ಪ್ರಯಾಣಿಕರೊಡನೆ ಮಾತಾಡುವ ಕೆಲಸ ಸಿಗಬೇಕೆಂದು ಆಸೆ, ಆದರೆ ನಾಲಿಗೆ ತೊಡರುತ್ತದೆ ಎಂದ. ತೊಡರು ಎಲ್ಲ ಅಕ್ಷರಕ್ಕೂ ಅಲ್ಲ. ಶಬ್ದದ ಮೊದಲಲ್ಲಿ ‘ಕ’ ಬಂದರೆ ಮಾತ್ರ. ಕಾಗದ, ಕುರ್ಚಿ, ಕಾಲು, ಯಾವುದೇ ಇರಲಿ, ಬಾಗಿಲಿಗೆ ಸಿಕ್ಕ ಬೆರಳಿನ ಹಾಗೆ ಅವನ ಮುಖ ಬಿಗಿದುಕೊಳ್ಳುತ್ತಿತ್ತು. ಮಂಗಳವಾರ, ಶನಿವಾರ ಸಂಜೆ ನಾಲ್ಕಕ್ಕೆ ಮನೆಗೆ ಬಾ ಎಂದೆ. ದುಡ್ಡಿಗಾಗಿ ಅಲ್ಲ, ಒಂದು ಕಾಸೂ ಮುಟ್ಟಲಿಲ್ಲ. ಮುಟ್ಟಿದ್ದರೆ ಈಗ ದುಡ್ಡಿನಾಸೆಗೆ ಮಾಡಿದೆ ಎಂದಾದರೂ ಹೇಳಿಕೊಳ್ಳಬಹುದಿತ್ತು. ಅವನು ನನ್ನನ್ನು ಮೇಷ್ಟ್ರೇ ಎನ್ನುತ್ತಿದ್ದ, ನಾನು ಅವನನ್ನು ಶಿಷ್ಯ ಎನ್ನುತ್ತಿದ್ದೆ. ಅಮ್ಮ ಟೀ ಕೊಟ್ಟು, ‘ನಿಮ್ಮ ಶಿಷ್ಯನಿಗೆ ಮೊದಲು ಉಣ್ಣೋದು ಹೇಳ್ಕೊಡಿ, ಮಾತು ಆಮೇಲೆ, ಹೆಗಲ ಮೂಳೆ ಎಣಿಸಬಹುದು’ ಅನ್ನುತ್ತಿದ್ದಳು. ಬಂದಾಗ ಚಪ್ಪಲಿಯನ್ನು ಗೋಡೆಗೆ ಸಮನಾಗಿ ಜೋಡಿಸಿಡುತ್ತಿದ್ದ. ಅಡುಗೆಮನೆಯ ನಲ್ಲಿಯ ವಾಷರನ್ನು ಹೇಳದೆಯೇ ಬದಲಿಸಿಕೊಟ್ಟ. ಟಿ.ವಿ. ಮೇಲಿನ ನಿನ್ನ ಫೋಟೋ, ಗಗನಸಖಿಯಾದಾಗ ತೆಗೆಸಿದ ಆ ನೀಲಿ ಯೂನಿಫಾರ್ಮಿನದು, ಅದನ್ನು ನೋಡಿ ‘ತಂಗಿ ಮುಖ ನಿಮ್ಮದೇ’ ಎಂದ. ನನ್ನ ಮೂಗು ನಿನಗೆ ಬಂದದ್ದಕ್ಕೆ ನೀನು ಜೀವಮಾನವಿಡೀ ನನ್ನನ್ನು ಬೈದಿದ್ದೀಯ, ಅವನಿಗೆ ಅದು ಚೆಂದ ಕಂಡಿತು.

ತೊಡರುವವರಿಗೆ ನಾಲಿಗೆ ತಿದ್ದಬಾರದು, ವಾಕ್ಯ ತಿದ್ದಬೇಕು. ಇದೂ ನನ್ನದೇ ಶೋಧ. ಅವನಿಗೆ ನಾನು ಕ ಇಲ್ಲದ ಮಾತು ಹೊಲಿದುಕೊಡತೊಡಗಿದೆ. ಕೂತುಕೊಳ್ಳಿ ಬೇಡ, ‘ಇದ್ದ ಜಾಗದಲ್ಲೇ ಇರಿ’. ಕೇಳಿಸಿಕೊಳ್ಳಿ ಬೇಡ, ‘ಇತ್ತ ಗಮನವಿಡಿ’. ಎರಡು ತಿಂಗಳಲ್ಲಿ ಅವನು ನೀರು ಹರಿದ ಹಾಗೆ ಮಾತಾಡತೊಡಗಿದ. ಎದುರಿಗೆ ಕೂತಿದ್ದ ನನ್ನ ಕಣ್ಣು ಒದ್ದೆಯಾಗಿತ್ತು. ಆಗ ಒಂದು ದಿನ, ತಮ್ಮ ಕಚೇರಿಯವರು ನಾಟಕ ಆಡುತ್ತಾರೆ, ದಾರಿ ತಪ್ಪಿದ ಬಸ್ಸಿನ ಕಥೆ, ಡ್ರೈವರ್ ಪಾತ್ರ ತನಗೆ ಸಿಕ್ಕಿದೆ ಎಂದ. ಡ್ರೈವರ್ ಪ್ರಯಾಣಿಕರಿಗೆ ಸಮಾಧಾನ ಹೇಳುವ ಮಾತು ಬೇಕು, ಯಾರೂ ಏಳಬಾರದು, ಯಾರೂ ಹೆದರಬಾರದು. ನನಗೆ ಹಬ್ಬವಾಯಿತು. ಸಾಯುವವರೆಗೂ ನನ್ನೊಳಗೇ ಕೊಳೆಯಬೇಕಿದ್ದ ವಿದ್ಯೆ ಅದು. ಮೊದಲೇ ವಂದನೆ ಹೇಳುವ ಗುಟ್ಟನ್ನು ಕೊಟ್ಟೆ. ಒಂದೊಂದು ವಾಕ್ಯ ಬರೆದು, ಹರಿದು, ಮತ್ತೆ ಬರೆದು, ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂದು ಪೆನ್ಸಿಲ್ಲಿನಲ್ಲಿ ಗೀಟು ಹಾಕಿದೆ. ಈಗ ಕೂತು ಯೋಚಿಸಿದರೆ, ಹೆದರಿಸುವ ಮಾತೆಲ್ಲ ಕಕಾರದಿಂದಲೇ ಶುರು. ಕೈ ಮೇಲೆತ್ತಿ, ಕಣ್ಣು ಮುಚ್ಚಿ, ಕದಲಬೇಡಿ, ಕಿರುಚಬೇಡಿ, ಕೊಲ್ಲುತ್ತೇವೆ. ಒಂದನ್ನೂ ಅವನು ಆಡುವಂತಿರಲಿಲ್ಲ. ಅವನ ತೊಡರು ಅವನನ್ನು ಆ ಕೆಲಸದಿಂದ ತಡೆದು ನಿಲ್ಲಿಸಿತ್ತು. ನಾನು ಹೋಗಿ ಬಾಗಿಲು ತೆಗೆದೆ.

ಜುಲೈ ತಿಂಗಳ ಒಂದು ಶನಿವಾರ ಅವನು ಹೊಸದೊಂದು ಸಾಲು ಬರೆದುಕೊಂಡು ಬಂದ. ಕಾಗದ ನನ್ನ ಮುಂದಿಟ್ಟ. ‘ಕಿಟಕಿಯ ಪರದೆ ಇಳಿಸಿ’ ಎಂದಿತ್ತು. ನಾನು ಕನ್ನಡಕ ಸರಿಮಾಡಿಕೊಂಡು, ವ್ಯಾಕರಣದ ಪಂಡಿತನ ಗತ್ತಿನಲ್ಲಿ, ‘ಬಸ್ಸಿನ ಪರದೆ ಎಳೀತಾರೆ ಕಣಯ್ಯಾ, ಇಳಿಸೋದಿಲ್ಲ’ ಎಂದೆ. ಅವನು ಆ ಸಾಲಿನ ಮೇಲೆ ಬೆರಳಿಟ್ಟ. ಆಮೇಲೆ ಮೆಲ್ಲಗೆ, ‘ಇಳಿಸಿ ಅಂತಲೇ ಇರಲಿ ಮೇಷ್ಟ್ರೇ’ ಎಂದ. ಪಿಟೀಲು, ಪರದೆಯನ್ನು ಎಲ್ಲಿ ಇಳಿಸುತ್ತಾರೆಂದು ನನಗೆ ಗೊತ್ತಿಲ್ಲವೇ? ಕೆಲಸಕ್ಕೆ ಸೇರಿದ ಹೊಸತರಲ್ಲಿ ನೀನು ಇದೇ ಪಡಸಾಲೆಯಲ್ಲಿ ನಿಂತು, ಬಾಚಣಿಗೆಯನ್ನು ಮೈಕ್ ಮಾಡಿಕೊಂಡು, ಆ ಮಾತನ್ನು ನೂರು ಸಲ ಹೇಳಿ ಅಭ್ಯಾಸ ಮಾಡಿದ್ದೆ. ನಾನೇ ತಿದ್ದಿದ್ದೆ. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಅವಸರ ಮಾಡಲಿಲ್ಲ, ಬೆದರಿಸಲಿಲ್ಲ, ಕಾಗದ ಹಿಂದಕ್ಕೆ ಎಳೆದುಕೊಳ್ಳಲೂ ಇಲ್ಲ. ಕೇಳುವುದಾದರೆ ಈಗ ಕೇಳಿ ಎಂಬಂತೆ ಕಾದಿದ್ದ. ಬೀದಿಯಲ್ಲಿ ಯಾರದೋ ಸೈಕಲ್ ಬೆಲ್ಲು ಕೇಳಿಸಿತು. ನಾನು ಪೆನ್ಸಿಲ್ ತೆಗೆದುಕೊಂಡು, ‘ಕಿಟಕಿ ಅನ್ನೋದು ನಿನ್ನ ಬಾಯಲ್ಲಿ ಬರಲ್ಲವಲ್ಲ, ಪಕ್ಕದ ಪರದೆ ಅನ್ನು’ ಎಂದೆ. ನಾನು ಆಡಿದ್ದು ಅದೊಂದೇ ಮಾತು. ಪರದೆ ಎಲ್ಲಿಯದು ಎಂದು ಕೇಳುವ ಬದಲು ವಾಕ್ಯ ತಿದ್ದಿದೆ. ಒಂದು ಕ್ಷಣ ಅಷ್ಟೇ, ಒಂದೇ ಒಂದು ಕ್ಷಣ ನನಗೆ ಎಲ್ಲ ಗೊತ್ತಾಗಿತ್ತು, ಆಮೇಲೆ ಮುಚ್ಚಿಹೋಯಿತು.

ಆಗಸ್ಟಿನ ಆ ಬುಧವಾರ ಮಧ್ಯಾಹ್ನ ಹನ್ನೆರಡಕ್ಕೆ ನಿಮ್ಮ ಕಚೇರಿಯಿಂದ ಫೋನ್ ಬಂತು. ನಿನ್ನ ಪಾಳಿ ಅವತ್ತು ಇರಲೇ ಇಲ್ಲ, ಜೊತೆಯವಳ ಮಗುವಿಗೆ ಜ್ವರ ಎಂದು ನೀನು ಅವಳ ಬದಲಿಗೆ ಹೋಗಿದ್ದೆ ಎಂದರು. ಒಂಬತ್ತು ಗಂಟೆ ಹೊತ್ತು ವಿಮಾನ ರನ್‌ವೇ ತುದಿಯ ಬಯಲಿನಲ್ಲಿ ನಿಂತಿತ್ತು, ಒಂಬತ್ತು ಗಂಟೆ ನಾವಿಬ್ಬರೂ ಟಿ.ವಿ. ಮುಂದೆ ನಿಂತೇ ಇದ್ದೆವು. ಪರದೆಗಳೆಲ್ಲ ಇಳಿದಿದ್ದವು, ಒಳಗೇನೂ ಕಾಣುತ್ತಿರಲಿಲ್ಲ. ನಾನು ಇಳಿದ ಪರದೆಗಳನ್ನು ಎಣಿಸುತ್ತಿದ್ದೆ. ಕೊನೆಗೆ ಯೋಧರು ನುಗ್ಗಿ ನಿಮ್ಮನ್ನು ಬಿಡಿಸಿದರು, ಕಂಬಳಿ ಹೊದ್ದು ನೀನು ಏಣಿ ಇಳಿದದ್ದು ಟಿ.ವಿ.ಯಲ್ಲಿ ಮೂರು ಸಲ ತೋರಿಸಿದರು. ನಿಮ್ಮಮ್ಮ ಮೂರು ಸಲವೂ ಟಿ.ವಿ.ಯ ಗಾಜು ಸವರಿದಳು. ಎರಡು ದಿನ ಕಳೆದು ಪೇಪರಿನಲ್ಲಿ ಪ್ರಯಾಣಿಕರು ನೆನಪಿಸಿಕೊಂಡ ಮಾತು ಬಂತು. ‘ಎಲ್ಲರಿಗೂ ನಮಸ್ಕಾರ. ನೀವು ಇದ್ದ ಜಾಗದಲ್ಲೇ ಇದ್ದದ್ದಕ್ಕೆ ಧನ್ಯವಾದ. ಪಕ್ಕದ ಪರದೆ ಇಳಿಸಿದ್ದಕ್ಕೆ ಧನ್ಯವಾದ. ಮಕ್ಕಳಿಗೆ ಮೊದಲು ನೀರು ಬರುತ್ತದೆ. ಇನ್ನು ಸ್ವಲ್ಪ ಹೊತ್ತು ನಾವೆಲ್ಲ ಒಟ್ಟಿಗೆ ಇರುತ್ತೇವೆ.’ ಒಂದಕ್ಷರ ಆಚೀಚೆ ಆಗಿರಲಿಲ್ಲ. ಅಂಥ ಶಿಷ್ಯ ನನಗೆ ಇನ್ನೊಬ್ಬ ಸಿಗಲಿಲ್ಲ. ಕೆಳಗೆ ಸತ್ತ ಮೂವರು ಅಪಹರಣಕಾರರ ಫೋಟೋ ಇತ್ತು. ನಿಮ್ಮಮ್ಮ ಬಹಳ ಹೊತ್ತು ನೋಡಿದಳು, ಆಮೇಲೆ ಆ ಹಾಳೆಯನ್ನು ಮಡಚಿ ಅಡುಗೆಮನೆಯ ಡಬ್ಬಿಗಳ ಕೆಳಗೆ ಹಾಸಿಬಿಟ್ಟಳು. ‘ನಾವೇನು ಮಾಡಿದ್ವಿ? ಮಾತು ಹೇಳ್ಕೊಟ್ವಿ ಅಷ್ಟೇ. ಗನ್ನು ಹಿಡಿಯೋದು ಹೇಳ್ಕೊಟ್ವಾ?’ ಎಂದಳು. ಅವತ್ತಿನಿಂದ ಅವಳು ಆ ಡಬ್ಬಿಗಳನ್ನು ಎತ್ತಿ ಒರೆಸಿಲ್ಲ.

ಮೊದಲ ವಾರವೇ ನೀನು ಮನೆಗೆ ಬರುತ್ತೀಯೆಂದು ಹಾಸಿಗೆ ಹಾಸಿದ್ದೆವು. ಬಂದೆ. ಬಾಗಿಲಲ್ಲೇ ನಿಂತು ನನ್ನನ್ನು ನೋಡಿದೆ. ನಾನು ‘ಒಳಗೆ ಬಂದಿದ್ದಕ್ಕೆ...’ ಎಂದು ಅಭ್ಯಾಸಬಲದಿಂದ ಶುರುಮಾಡಿ, ಅರ್ಧಕ್ಕೇ ನಿಲ್ಲಿಸಿದೆ. ನೀನು ಹೊಸ್ತಿಲಿನಿಂದಲೇ ಹಿಂದೆ ಸರಿದೆ. ಚೀಲ ಕೆಳಗಿಡದೆ ದೊಡ್ಡಮ್ಮನ ಮನೆಗೆ ಹೋದೆ. ಆಗ ನನಗೆ ತಿಳಿಯಿತು, ಆ ವಿಮಾನದ ಬಾಲದ ಕಡೆ ನಿಂತು, ಆ ದನಿ ಸ್ಪೀಕರಿನಲ್ಲಿ ಬಂದಾಗ, ನಿನ್ನ ಕಿವಿಗೆ ಬಿದ್ದದ್ದು ನಿನ್ನ ಅಪ್ಪ ಎಂದು. ಗನ್ನು ಹಿಡಿದವರ ನಡುವೆ ಮಗಳಿಗೆ ಅಪ್ಪನ ಮಾತು ಕೇಳಿಸಿದರೆ ಧೈರ್ಯ ಬರಬೇಕು. ನಿನಗೆ ಹೇಗಾಗಿರಬೇಕು ಎಂದು ಊಹಿಸಲು ಹೋಗಿ ಪ್ರತಿಸಲವೂ ನಡುವಿನಲ್ಲೇ ಬಿಟ್ಟು ಏಳುತ್ತೇನೆ.

ಈ ಮನೆ ಈಗ ಹೇಗಿದೆ ಎಂದರೆ, ಮಂಗಳವಾರ, ಶನಿವಾರ ನಾಲ್ಕು ಗಂಟೆಯಾದರೆ ನಾವಿಬ್ಬರೂ ಮಾತು ನಿಲ್ಲಿಸುತ್ತೇವೆ. ಯಾರೂ ಬರುವುದಿಲ್ಲ. ಆದರೂ ನಾಲ್ಕೂವರೆಯ ತನಕ ಯಾರೂ ಆ ಬೆತ್ತದ ಕುರ್ಚಿಯ ಕಡೆ ಹೋಗುವುದಿಲ್ಲ. ನಲ್ಲಿ ತೊಟ್ಟಿಕ್ಕುವುದಿಲ್ಲ, ಅದೇ ಹಿಂಸೆ, ತಿರುಗಿಸಿದಾಗಲೆಲ್ಲ ಅವನ ಕೈ ನೆನಪಾಗುತ್ತದೆ. ಇನ್ನೊಂದು ಹೇಳಿದರೆ ನಗುತ್ತೀಯೋ ಅಳುತ್ತೀಯೋ, ನನಗೀಗ ಕ ಬರುವುದಿಲ್ಲ. ಬರೆಯುವಾಗ ಸರಾಗ, ಬಾಯಲ್ಲಿ ತೊಡರು. ಮೊನ್ನೆ ಔಷಧಿ ಅಂಗಡಿಯಲ್ಲಿ ಕೆಮ್ಮಿಗೆ ಮದ್ದು ಎನ್ನಲು ಹೋಗಿ ಕೆ, ಕೆ ಎಂದು ನಿಂತುಬಿಟ್ಟೆ, ಅಂಗಡಿಯವನು ಪಾಪದವನು, ಎದೆ ಹಿಡಿದುಕೊಂಡಿದೆಯೇನೋ ಎಂದು ಸ್ಟೂಲು ತಂದು ಕೂರಿಸಿದ. ಅವನ ಬಾಯಿಂದ ತೆಗೆದದ್ದು ಎಲ್ಲಿಗೋ ಹೋಗಬೇಕಲ್ಲ, ನನ್ನಲ್ಲಿಗೆ ಬಂದಿದೆ.

ಆ ಸಭ್ಯ ಮಾತಿನಿಂದಲೇ ನೂಕುನುಗ್ಗಲಾಗಲಿಲ್ಲ, ಅದೇ ಎಷ್ಟೋ ಜೀವ ಉಳಿಸಿತು ಎಂದು ಒಬ್ಬ ಪತ್ರಕರ್ತ ಬರೆದಿದ್ದ. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ತುಂಡನ್ನು ಕತ್ತರಿಸಿ ಜೇಬಿನಲ್ಲಿ ಇಟ್ಟುಕೊಂಡು ಒಂದು ತಿಂಗಳು ಓಡಾಡಿದೆ. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರಲ್ಲ, ಆ ಗಾದೆಗೆ ಜೋತುಬಿದ್ದೆ. ಆಮೇಲೆ ವಿಮಾನದ ಹದಿನೇಳನೇ ಸಾಲಿನಲ್ಲಿ ಕೂತಿದ್ದ ಒಬ್ಬರ ಬಗ್ಗೆ ಓದಿದೆ. ಗಡಿಯಾರ ರಿಪೇರಿ ಮಾಡುತ್ತಿದ್ದ ಮುದುಕರಂತೆ. ಕಿವಿಯ ಯಂತ್ರದ ಬ್ಯಾಟರಿ ಮುಗಿದು ಏನೂ ಕೇಳಿಸುತ್ತಿರಲಿಲ್ಲವಂತೆ. ಎಲ್ಲರೂ ಇದ್ದ ಜಾಗದಲ್ಲೇ ಇದ್ದರು, ಅವರೊಬ್ಬರು ಎದ್ದರು, ಮುಂದೆ ನಿಂತಿದ್ದವನು ಗುಂಡು ಹಾರಿಸಿದ, ಅವರು ಅಲ್ಲೇ ಸತ್ತರು. ಎದ್ದವರು ಹತ್ತು ಜನ ಇದ್ದಿದ್ದರೆ ಅವನು ಹಾರಿಸುತ್ತಿದ್ದನೋ ಇಲ್ಲವೋ. ಒಬ್ಬರೇ ಎದ್ದದ್ದು ಎದ್ದು ಕಂಡಿತು. ಉಳಿದವರನ್ನೆಲ್ಲ ಕೂರಿಸಿದ್ದು ನಾನು. ಆ ಮುದುಕರಿಗೆ ನೀರು ಕೊಟ್ಟವಳು ನೀನು, ಕಿವಿ ಕೇಳಿಸುವುದಿಲ್ಲವೆಂದು ಕೈಸನ್ನೆಯಲ್ಲಿ ಮಾತಾಡಿಸಿದವಳು ನೀನು ಎಂದು ಅದರಲ್ಲೇ ಬರೆದಿತ್ತು. ಜೇಬಿನ ತುಂಡನ್ನು ಅವತ್ತು ಒಲೆಗೆ ಹಾಕಿದೆ.

ಮೇಲೆ ಒಂದು ಕಡೆ, ಒಂದು ಕ್ಷಣ ಮಾತ್ರ ಗೊತ್ತಾಗಿತ್ತು ಎಂದು ಬರೆದಿದ್ದೇನೆ. ಹಿಂದಕ್ಕೆ ತಿರುಗಿಸಿ ಓದಿದೆ. ಅದು ಸುಳ್ಳು. ಹೊಡೆದುಹಾಕುವುದಿಲ್ಲ, ಇರಲಿ, ನಾನು ಎಂಥವನು ಎಂದು ನಿನಗೆ ಗೊತ್ತಾಗಲಿ. ಪರದೆಯ ಮಾತಾದ ಮೇಲೆ ಅವನು ಇನ್ನೂ ಐದು ಸಲ ಬಂದ. ಐದೂ ಸಲ ನಾನು ಬಾಗಿಲು ತೆಗೆದೆ. ಕೊನೆಯ ದಿನ ಟೀ ಲೋಟ ಕೆಳಗಿಟ್ಟು, ನಿನ್ನ ಫೋಟೋ ನೋಡುತ್ತ, ‘ನಿಮ್ಮ ಮಗಳು ಯಾವ್ಯಾವ ದಿನ ಹಾರ್ತಾರೆ ಮೇಷ್ಟ್ರೇ?’ ಎಂದು ಕೇಳಿದ. ಏಕೆ ಕೇಳುತ್ತೀಯ ಎಂದು ನಾನು ಕೇಳಲಿಲ್ಲ. ‘ಸೋಮವಾರ, ಶುಕ್ರವಾರ’ ಎಂದೆ. ‘ಬುಧವಾರ?’ ಎಂದ. ‘ಇಲ್ಲ, ಬುಧವಾರ ರಜ’ ಎಂದೆ. ಅವನು ಸರಿ ಎಂದು ತಲೆಯಾಡಿಸಿದ. ನನಗೆ ಆಗ ಏನಾಯಿತು ಗೊತ್ತೇ? ಹಗುರವಾಯಿತು. ಎದೆಯ ಮೇಲಿನ ಚಪ್ಪಡಿ ಎತ್ತಿದಂತೆ. ಏನೂ ಗೊತ್ತಿಲ್ಲದವನಿಗೆ ಯಾವುದರಿಂದ ಹಗುರವಾಗಬೇಕು, ಹೇಳು. ಬುಧವಾರ ಬೇರೆಯವರ ಮಕ್ಕಳು ಹಾರುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲವೇ? ದಿನ ಗೊತ್ತುಮಾಡಿಕೊಟ್ಟವನು ನಾನು. ಅವನು ನನಗೆ ಒಂದು ಉಪಕಾರ ಮಾಡಲು ಹೊರಟಿದ್ದ, ನಾನು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡೆ. ಅವತ್ತಿನಿಂದ ಆ ಬುಧವಾರದವರೆಗೆ ಪೊಲೀಸರಿಗೆ ಫೋನ್ ಮಾಡಲು ಹದಿನಾಲ್ಕು ದಿನ ಇತ್ತು. ಫೋನು ಈ ಮೇಜಿನ ಮೇಲೆಯೇ ಇತ್ತು, ಈಗಲೂ ಇದೆ.

ವಿಮಾನದಲ್ಲಿ ಎರಡನೇ ಸಲ ಮೈಕ್ ಹಿಡಿದಾಗ ಅವನು ನಡುವೆ ಒಂದು ಕಡೆ ಮಾತು ನಿಲ್ಲಿಸಿ ಬಹಳ ಹೊತ್ತು ಸುಮ್ಮನಾದ ಎಂದು ಪ್ರಯಾಣಿಕರು ಹೇಳಿದ್ದಾರೆ. ಆ ಜಾಗದಲ್ಲಿ ತೊಡರುವಂಥ ಅಕ್ಷರ ನಾನು ಇಟ್ಟಿರಲಿಲ್ಲ. ನೀನು ಆಗ ನೀರಿನ ಟ್ರೇ ಹಿಡಿದು ಮುಂದೆ ಬಂದಿರಬೇಕು. ಅವನು ನಿನ್ನ ಮೂಗು ನೋಡಿರಬೇಕು. ಹೌದೋ ಅಲ್ಲವೋ ನಿನಗೊಬ್ಬಳಿಗೇ ಗೊತ್ತು.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಏನಾದರೊಂದು ಉತ್ತರ ಕೊಡಬೇಕಾಗುತ್ತದೆ, ಆ ಕಷ್ಟ ನಿನಗೆ ಬೇಡ. ಕಿವಿಗೆ ಹನಿ ಹಾಕಿಕೋ. ತಣ್ಣೀರಿನಲ್ಲಿ ತಲೆ ತೊಳೆಯಬೇಡ. ದೊಡ್ಡಮ್ಮನಿಗೆ ನನ್ನ ನಮಸ್ಕಾರ ತಿಳಿಸು, ಗೊರಕೆಯ ಮಾತು ಓದಿ ಹೇಳಬೇಡ. ನೀನು ಎಲ್ಲಿದ್ದರೂ ಸುಖವಾಗಿ ಬಾಳು, ನಿನಗೆ ಒಳ್ಳೆಯದಾಗಲಿ ಎಂಬುದನ್ನು ಬಿಟ್ಟು ನನ್ನ ಬಾಯಲ್ಲಿ ಹರಕೆಯೇನೂ ಉಳಿದಿಲ್ಲ.

ಇಂತಿ,
ನಿನ್ನ ಅಪ್ಪ

ಮರೆತ ಮಾತು: ಬೆಳಿಗ್ಗೆ ನೀನು ಫೋನಿಟ್ಟ ಮೇಲೆ ನಾನೇ ಆಯೋಗದ ಅಧಿಕಾರಿಗೆ ಫೋನ್ ಮಾಡಿ ಕರೆದಿದ್ದೆ. ಸಂಜೆ ಬರುತ್ತೇವೆ ಎಂದಿದ್ದರು, ಈಗಲೇ ಜೀಪು ಬಂದು ನಿಂತಿದೆ. ನಿಮ್ಮಮ್ಮ ಎದ್ದಿದ್ದಾಳೆ, ನಿನ್ನ ವಿಷಯ ಕೇಳಲು ಬಂದಿದ್ದಾರೆ ಎಂದುಕೊಂಡು ಅವರಿಗೆ ಟೀ ಇಡುತ್ತಿದ್ದಾಳೆ, ಅವಳಿಗೆ ನಾನಿನ್ನೂ ಹೇಳಿಲ್ಲ. ಪತ್ರವನ್ನು ಪಕ್ಕದ ಮನೆಯ ಟೈಲರ್ ಕೈಗೆ ಕೊಡುತ್ತೇನೆ, ಸಂಜೆ ಬಸ್ಸಿಗೆ ಆ ಕಡೆಗೇ ಹೊರಟಿದ್ದಾನೆ, ಇವತ್ತೇ ನಿನಗೆ ಮುಟ್ಟಿಸುತ್ತಾನೆ. ಓದಿದ ತಕ್ಷಣ ಅಮ್ಮನಿಗೆ ಫೋನ್ ಮಾಡು, ಅವಳೊಬ್ಬಳೇ ಇರುತ್ತಾಳೆ. ಬುಧವಾರದ ಮಾತನ್ನೂ ಅವರಿಗೆ ಹೇಳುತ್ತೇನೆ, ಬಿಡುವುದಿಲ್ಲ. ಗುರುವಾರ ನೀನು ಕೇಳಿಸಿಕೊಂಡದ್ದನ್ನೆಲ್ಲ ಕೇಳಿಸಿಕೊಂಡ ಹಾಗೇ ಹೇಳು. ಅದು ಯಾರ ಮಾತು ಎಂದು ಅವರು ಕೇಳಿದರೆ ತಲೆ ತಗ್ಗಿಸಬೇಡ, ನಮ್ಮಪ್ಪನ ಮಾತು ಅನ್ನು.